ಬ್ರೇಕ್ ಪೈಪ್ "ಫುಲ್ ಸೆಟ್" ಹಾಕಿದ್ದೇವೆ ಅಂದರೆ ನಂಬಬೇಡಿ, ಕಾರಿನ ಅಡಿಗೆ ಹೋಗಿ ನೋಡಿ

ಉಡುಪಿ, ಕುಂದಾಪುರ, ಮಂಗಳೂರು ಕಡೆ ಹಳೇ ಕಾರು ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಬ್ರೇಕ್ ಪೈಪ್ ಬದಲಿಸಿದ್ದೇವೆ ಎಂದು ಗ್ಯಾರೇಜಿನವರು ನನ್ನಿಂದ 13,000 ರೂಪಾಯಿ ತೆಗೆದುಕೊಂಡರು. ಬದಲಿಸಿದ್ದು ಒಂದು ಗೇಣು ಪೈಪ್. ಒಂದು ಗೇಣು! ಉಳಿದದ್ದಕ್ಕೆಲ್ಲ ಕಪ್ಪು ಕೋಟಿಂಗ್ ಹೊಡೆದು ಕೊಟ್ಟರು. ಆ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ನಾನು ಹೈವೇಯಲ್ಲಿ ಓಡಾಡಿದ್ದೇನೆ. ನೆನಪಾದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

ಗ್ಯಾರೇಜಿನ ಹೆಸರು ಹಾಕುವುದಿಲ್ಲ. ದೂರು ಕೊಟ್ಟಾಗಿದೆ, ಅದು ಮುಗಿಯುವವರೆಗೆ ಸುಮ್ನೆ ಇರು ಎಂದು ಭಾವ ಹೇಳಿದ್ದಾರೆ. ಅವರು ವಕೀಲರು. ಹೆಸರು ಹಾಕಬೇಡ ಅಂದಿದ್ದಾರೆ, ಬರೆಯಬೇಡ ಅಂದಿಲ್ಲ.

ಕಾರು 2009ರ ವ್ಯಾಗನ್ ಆರ್. ಅಪ್ಪ ತೆಗೆದದ್ದು. ಹದಿನೈದು ವರ್ಷ ತುಂಬಿತು ಅಂದ ಮೇಲೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್ ಮಾಡಿಸಿ ಆರ್‌ಸಿ ರಿನ್ಯೂವಲ್ ಮಾಡಿಸಲೇಬೇಕಲ್ಲ. 2022ರ ಏಪ್ರಿಲ್‌ನಲ್ಲಿ ಕಾರಿಗೆ ಅದರ ಫೀಸೇ 600ರಿಂದ 5000 ರೂಪಾಯಿಗೆ ಏರಿತ್ತು. ಅಷ್ಟು ಕೊಟ್ಟು ಮಾಡಿಸುವಾಗ ಗಾಡಿಯೂ ಸರಿ ಇರಲಿ, ಇನ್ನೈದು ವರ್ಷ ಓಡಲಿ ಎಂದು ಗ್ಯಾರೇಜಿಗೆ ಬಿಟ್ಟೆ. ಸಂಜೆ ಫೋನ್ ಬಂತು. "ಸರ್, ಅಡಿಯಲ್ಲಿ ಬ್ರೇಕ್ ಪೈಪ್ ಪೂರಾ ತುಕ್ಕು. ಹೀಗೇ ಓಡಿಸಿದ್ರೆ ಡೇಂಜರ್." ವಾಟ್ಸಾಪ್‌ನಲ್ಲಿ ಫೋಟೋ ಕೂಡ ಬಂತು. ತುಕ್ಕು ನಿಜವೇ. ಅದರಲ್ಲಿ ಸುಳ್ಳಿಲ್ಲ.

ನಮ್ಮೂರಿನಲ್ಲಿ ಕಾರಿನ ಅಡಿ ತುಕ್ಕು ಹಿಡಿಯದಿದ್ದರೇ ಆಶ್ಚರ್ಯ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಉಪ್ಪು ಗಾಳಿ. ಇದು ಸಾಲದು ಅಂತ ಮಲ್ಪೆಯಿಂದ ಬರುವ ಮೀನಿನ ಲಾರಿಗಳು ಉಪ್ಪುನೀರು ಸುರಿಸಿಕೊಂಡೇ ಹೋಗುತ್ತವೆ. ಬೈಕ್‌ನವರು ಜಾರಿ ಬೀಳುವುದು ಎಲ್ಲರಿಗೂ ಕಾಣುತ್ತದೆ. ಅದೇ ನೀರು ಕಾರಿನ ಅಡಿಗೆ ಸಿಡಿಯುವುದು ಯಾರಿಗೂ ಕಾಣುವುದಿಲ್ಲ. ಬ್ರೇಕ್ ಪೈಪ್ ಅಂದರೆ ಪೆನ್ಸಿಲಿಗಿಂತ ಸಪೂರದ ಸ್ಟೀಲ್ ನಳಿಗೆ. ಮುಂದೆ, ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹಿಂದಿನ ಚಕ್ರದವರೆಗೆ ಅಡಿಯಲ್ಲೇ ಹೋಗುತ್ತದೆ. ಅಲ್ಲಲ್ಲಿ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಕಚ್ಚಿಸಿರುತ್ತಾರೆ. ಆ ಕ್ಲಿಪ್ಪಿನೊಳಗೆ ಕೆಸರು ಕೂತು ತೇವ ಆರುವುದೇ ಇಲ್ಲ. ತುಕ್ಕು ಜಾಸ್ತಿ ತಿನ್ನುವುದು ಅಲ್ಲೇ. ಇದೆಲ್ಲ ನನಗೆ ಈಗ ಗೊತ್ತು. ಕಲಿಸಿದವರು ಬೇರೆಯವರು.

ಸರಿ, ಬದಲಿಸಿ ಎಂದೆ. ಎಸ್ಟಿಮೇಟ್ ಫೋನಿನಲ್ಲೇ ಹೇಳಿದರು. ಎಲ್ಲರೂ ಹಾಗೇ ಅಲ್ವಾ ಹೇಳುವುದು? ಬಿಲ್ ಕೈಬರಹದ್ದು. ಈಗಲೂ ಮುಂದೆ ಇದೆ, ಹಾಗೇ ಬರೆಯುತ್ತೇನೆ: ಬ್ರೇಕ್ ಪೈಪ್ ಫುಲ್ ಸೆಟ್ 6,400. ಲೇಬರ್ 3,500. ಅಂಡರ್‌ಬಾಡಿ ಕೋಟಿಂಗ್ 2,500. ಬ್ರೇಕ್ ಆಯಿಲ್ 600. ಜಿಎಸ್‌ಟಿ ನಂಬರ್ ಇಲ್ಲ. ಸೀಲ್ ಇದೆ, ಸಹಿ ಇಲ್ಲ.

ಕೆಲಸ ಆದ ಮೇಲೆ ಮತ್ತೊಂದು ಫೋಟೋ ಕಳಿಸಿದರು. ಅಡಿಯೆಲ್ಲ ಕಪ್ಪು, ಮಿರಿಮಿರಿ. "ನೋಡಿ ಸರ್, ಹೊಸ ಗಾಡಿ ಮಾಡಿ ಕೊಟ್ಟಿದ್ದೇವೆ." ಹೊಸ ಗಾಡಿ! ಕಾರು ತೊಳೆದು, ಸೀಟಿನ ಅಡಿಗೆ ಪೇಪರ್ ಹಾಸಿ ಕೊಟ್ಟರು. ಪೆಡಲ್ ಗಟ್ಟಿ ಇತ್ತು. ಎಫ್‌ಸಿ ಕೂಡ ಆಯಿತು. ಹಳೇ ಪೈಪ್ ಎಲ್ಲಿ ಎಂದು ಕೇಳಿದ್ದಕ್ಕೆ "ಗುಜರಿಯವನು ಬಂದಿದ್ದ ಸರ್, ತಗೊಂಡು ಹೋದ" ಎಂದರು. ಈ ಮಾತು ನೆನಪಿಟ್ಟುಕೊಳ್ಳಿ.

ಮಳೆಗಾಲ ಕಳೆಯುವ ಹೊತ್ತಿಗೆ ಅಮ್ಮನನ್ನು ಬ್ರಹ್ಮಾವರದಲ್ಲಿ ಚಿಕ್ಕಮ್ಮನ ಮನೆಗೆ ಬಿಡಲು ಹೊರಟಿದ್ದೆ. ಸಂತೆಕಟ್ಟೆ ದಾಟಿದ್ದೆವು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಲೈಟ್ ಹತ್ತಿತು. ನಮ್ಮ ಕಾರಿನಲ್ಲಿ ಹ್ಯಾಂಡ್‌ಬ್ರೇಕಿಗೂ ಬ್ರೇಕ್ ಆಯಿಲ್ ಕಡಿಮೆ ಆದದ್ದಕ್ಕೂ ಅದೊಂದೇ ಲೈಟ್. ಹ್ಯಾಂಡ್‌ಬ್ರೇಕ್ ನೋಡಿದೆ, ಇಳಿದೇ ಇದೆ. ಅಷ್ಟರಲ್ಲಿ ಮುಂದಿನ ಬಸ್ ನಿಂತಿತು. ನಮ್ಮ ಕಡೆ ಬಸ್ಸುಗಳು ಹೇಗೆ ನಿಲ್ಲುತ್ತವೆ ಅಂತ ನಿಮಗೆ ಹೇಳಬೇಕಾ? ಬ್ರೇಕ್ ತುಳಿದೆ. ಪೆಡಲ್ ಕೆಳಗೆ ಹೋಯಿತು. ಹೋಗುತ್ತಲೇ ಇತ್ತು. ಕೊನೆಯಲ್ಲಿ ಸ್ವಲ್ಪ ಹಿಡಿಯಿತು, ಕಾರು ಒಂದು ಬದಿಗೆ ಎಳೆಯಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆ ಬದಿಯ ಮಣ್ಣಿಗೆ ಇಳಿಸಿ ನಿಲ್ಲಿಸಿದೆ. ಬಸ್ಸಿಗೆ ತಾಗಲಿಲ್ಲ. ಅಮ್ಮ "ಎಂತ ಆಯ್ತು ಮಗಾ, ಯಾಕೆ ಇಲ್ಲಿ ನಿಲ್ಲಿಸಿದ್ದು?" ಎಂದು ಕೇಳಿದರು. ಟಯರ್ ಪಂಕ್ಚರ್ ಎಂದೆ.

ಬ್ರೇಕ್ ಪೂರ್ತಿ ಹೋಗದಿದ್ದದ್ದಕ್ಕೆ ಕಾರಣ ಆ ಗ್ಯಾರೇಜಲ್ಲ, ಕಾರು ಮಾಡಿದವರು. ಈಗಿನ ಕಾರುಗಳಲ್ಲಿ ಬ್ರೇಕ್ ಎರಡು ಪಾಲಾಗಿರುತ್ತದೆ. ಒಂದು ಪಾಲಿನ ಆಯಿಲ್ ಸೋರಿದರೂ ಇನ್ನೊಂದು ಪಾಲು ಅಷ್ಟಿಷ್ಟು ಹಿಡಿಯುತ್ತದೆ. ನಾವು ಉಳಿದದ್ದು ಆ ಇನ್ನೊಂದು ಪಾಲಿನಲ್ಲಿ.

ಗಾಡಿ ಎಳೆಸಿಕೊಂಡು ಹೋದದ್ದು ಹತ್ತಿರದ ಬೇರೊಂದು ಗ್ಯಾರೇಜಿಗೆ. ತಗಡಿನ ಶೆಡ್ಡು, ಒಂದು ಪಿಟ್ಟು, ವಯಸ್ಸಾದ ಒಬ್ಬ ಮೇಸ್ತ್ರಿ. ಅಡಿಗೆ ಇಳಿದು ಟಾರ್ಚ್ ಹಾಕಿದರು. "ಪೈಪ್ ಒಡೆದಿದೆ" ಎಂದರು. "ಸಾಧ್ಯವೇ ಇಲ್ಲ, ಎಲ್ಲ ಹೊಸದು" ಎಂದೆ. ಬಿಲ್ ಫೋಟೋ ತೋರಿಸಿದೆ. ಇವರೇ ಏನೋ ದುಡ್ಡು ಹೊಡೆಯಲು ನೋಡುತ್ತಿದ್ದಾರೆ ಎಂದುಕೊಂಡು ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ವಾದ ಮಾಡಲಿಲ್ಲ. "ನೀವೇ ಇಳಿಯಿರಿ ಮಾರಾಯ್ರೆ" ಎಂದರು.

ಇಳಿದೆ. ಆಯಿಲ್ ಸೋರಿದ ಜಾಗದಲ್ಲಿ ಕಪ್ಪು ಕೋಟಿಂಗ್ ಮೆತ್ತಗಾಗಿತ್ತು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದಂತೆ. ಅವರು ಹೆಬ್ಬೆರಳಿನಲ್ಲಿ ಒಮ್ಮೆ ಉಜ್ಜಿದರು, ಕಪ್ಪು ಸುರುಳಿ ಸುರುಳಿಯಾಗಿ ಬಂತು. ಒಳಗೆ ಕೆಂಪು ತುಕ್ಕು. ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದರು, ಹಕ್ಕಳೆ ಎದ್ದು ನನ್ನ ಅಂಗಿಯ ಮೇಲೆ ಬಿತ್ತು. ಮುಂದಕ್ಕೆ ಕೆರೆದರು, ಅಲ್ಲೂ ತುಕ್ಕು. ಇನ್ನೂ ಮುಂದೆ, ಅಲ್ಲೂ. ನಾನು ಪ್ರತಿ ಸಲವೂ "ಅಲ್ಲಿ ನೋಡಿ, ಅಲ್ಲಿ ಹೊಸದಿರಬಹುದು" ಎನ್ನುತ್ತಿದ್ದೆ. ಅವರ ಹುಡುಗರು ಮೇಲೆ ನಿಂತು ಕೇಳುತ್ತಿದ್ದರು. ಒಬ್ಬ ನಕ್ಕ. ಆಗ ಆದ ಅವಮಾನ ಹೇಳಿ ಪ್ರಯೋಜನ ಇಲ್ಲ.

ಕೊನೆಗೆ ಹೊಸದೂ ಸಿಕ್ಕಿತು. ಹಿಂದಿನ ಚಕ್ರದ ಕಡೆ, ಪೆಟ್ರೋಲ್ ಟ್ಯಾಂಕ್ ಪಕ್ಕ, ಒಂದು ಗೇಣು ಹೊಳೆಯುವ ಪೈಪ್. ಎರಡೂ ತುದಿಯಲ್ಲಿ ಹಿತ್ತಾಳೆ ನಟ್ ಬಿಗಿದು ಹಳೇ ಪೈಪಿಗೆ ಜೋಡಿಸಿದ್ದರು. ಫ್ಲೇರ್ ಮಾಡಿಯೇ ಇಲ್ಲ, ಅಂದರೆ ಪೈಪಿನ ತುದಿಯನ್ನು ಅಗಲಿಸಿ ಮಡಿಸಿಯೇ ಇಲ್ಲ, ಬರೀ ವಾಷರಿನ ಹಾಗಿನ ರಿಂಗ್ ಇಟ್ಟು ಬಿಗಿದದ್ದು. "ಇದು ಗಾಳಿ ಪೈಪಿಗೆ ಹಾಕುವ ಜಾಯಿಂಟ್. ಬ್ರೇಕಿಗೆ ಇದನ್ನು ಯಾರಾದರೂ ಹಾಕುತ್ತಾರಾ?" ಎಂದರು ಮೇಸ್ತ್ರಿ. ಟಯರಿನಲ್ಲಿ 30 ಪಿಎಸ್‌ಐ ಗಾಳಿ ಇರುತ್ತದೆ ಅಂದುಕೊಳ್ಳಿ. ಬ್ರೇಕ್ ಜೋರಾಗಿ ತುಳಿದಾಗ ಈ ಪೈಪಿನೊಳಗೆ ಒತ್ತಡ 1000 ಪಿಎಸ್‌ಐ ದಾಟುತ್ತದೆ. ಅದಕ್ಕೇ ಪೈಪಿನ ತುದಿಯನ್ನು ಎರಡು ಮಡಿಕೆ ಫ್ಲೇರ್ ಮಾಡಿ, ಅದರ ನಟ್‌ನಲ್ಲೇ ಬಿಗಿಯಬೇಕು. ತಮಾಷೆ ಅಂದರೆ ಆ ದರಿದ್ರ ಜಾಯಿಂಟ್ ಸೋರಿರಲಿಲ್ಲ. ಒಡೆದದ್ದು ಅದರ ಪಕ್ಕದ ಕ್ಲಿಪ್ಪಿನ ಒಳಗೆ, ಹಳೇ ಪೈಪ್. ಜಾಯಿಂಟ್ ಹಾಕುವಾಗ ಅದನ್ನು ಎಳೆದು ಬಗ್ಗಿಸಿದ್ದಾರೆ. ಮೊದಲೇ ತುಕ್ಕು ತಿಂದದ್ದು, ಎಷ್ಟು ದಿನ ತಡೆದೀತು?

ಅಲ್ಲೇ ನಿಂತು ಮೊದಲ ಗ್ಯಾರೇಜಿಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಓದಿ.

"ಒಡೆದದ್ದು ಬೇರೆ ಪೈಪ್ ಇರಬೇಕು ಸರ್." ಬೇರೆ ಯಾವುದು, ಫುಲ್ ಸೆಟ್ ಅಂತ ಬರೆದಿದ್ದೀರಲ್ಲ? "ಫುಲ್ ಸೆಟ್ ಅಂದ್ರೆ ಫುಲ್ ಚೆಕ್ ಮಾಡಿದ್ದೇವೆ ಅಂತ ಸರ್." ಚೆಕ್ ಮಾಡಿದ್ದಕ್ಕೆ 6,400 ರೂಪಾಯಿಯಾ? "ಅದು ಮೆಟೀರಿಯಲ್ ಸೇರಿ ಸರ್." ಯಾವ ಮೆಟೀರಿಯಲ್? ಒಂದು ಗೇಣು ಪೈಪಾ? "ಎಲ್ಲಿ ಹೋಗಿದೆಯೋ ಅಲ್ಲಿ ಹಾಕಿದ್ದೇವೆ. ಚೆನ್ನಾಗಿರೋದನ್ನು ಯಾಕೆ ತೆಗೆಯಬೇಕು? ನಿಮಗೇ ಲಾಸ್ ಅಲ್ವಾ?" ನನಗೆ ಲಾಸ್ ಆಗಬಾರದು ಅಂತ ಮಾಡಿದ್ದಂತೆ! ಹಾಗಾದರೆ ಗುಜರಿಗೆ ಹೋದದ್ದು ಏನು ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಆ ಕೆಲಸ ಮಾಡಿದ ಹುಡುಗ ಬಿಟ್ಟು ಹೋದ ಸರ್."

ಈ ಹುಡುಗ ಎಲ್ಲಾ ಗ್ಯಾರೇಜಿನಲ್ಲೂ ಇರುತ್ತಾನೆ, ಎಲ್ಲಾ ಗ್ಯಾರೇಜನ್ನೂ ಬಿಟ್ಟು ಹೋಗಿರುತ್ತಾನೆ.

ರಾತ್ರಿ ಫೋಟೋ, ವಿಡಿಯೋ ಎಲ್ಲ ಕಳಿಸಿದೆ. ನೀಲಿ ಟಿಕ್ ಬಂತು. ಬೆಳಿಗ್ಗೆ ವಾಯ್ಸ್ ಮೆಸೇಜ್. "ಟೆನ್ಶನ್ ಮಾಡ್ಬೇಡಿ ಸರ್, ಬನ್ನಿ, ಕೂತು ಮಾತಾಡುವ. ಹಳೇ ಗಾಡಿ ಅಂದ ಮೇಲೆ ಇದೆಲ್ಲ ಇದ್ದದ್ದೇ. ಎಫ್‌ಸಿ ಪಾಸ್ ಆಯ್ತಲ್ಲ, ಕೆಲಸ ಸರಿ ಇಲ್ಲದಿದ್ದರೆ ಪಾಸ್ ಆಗ್ತಿತ್ತಾ?" ಕೊನೆಯಲ್ಲಿ ಇನ್ನೊಂದು ಮಾತು. ಇದನ್ನು ಕೇಳಿ ನನ್ನ ಹೆಂಡತಿಯೇ ಫೋನ್ ಕಸಿದುಕೊಂಡಳು, ನಾನೇನಾದರೂ ಬೈದು ಕಳಿಸಿಯೇನು ಎಂದು. "ಬೇಕಾದ್ರೆ ಮಾರಿಬಿಡಿ ಸರ್, ನನ್ನ ಹತ್ತಿರ ಪಾರ್ಟಿ ಉಂಟು." ನನ್ನ ಕಾರು ಇನ್ನೊಬ್ಬರ ತಲೆಗೆ ಕಟ್ಟಿ, ಅದರಲ್ಲೂ ಕಮಿಷನ್ ತಿನ್ನುವ ಲೆಕ್ಕ. ಅದನ್ನು ಕೊಂಡವರ ಮನೆಯಲ್ಲೂ ಅಮ್ಮ, ಮಕ್ಕಳು ಇರುವುದಿಲ್ಲವಾ?

ಈಗ ನೀವು ನೋಡಿಕೊಳ್ಳಬೇಕಾದದ್ದು. ಪೈಪ್ ಕೆಲಸ ಆದ ಮೇಲೆ, ಕೋಟಿಂಗ್ ಹೊಡೆಯುವ ಮೊದಲು, ಕಾರು ಲಿಫ್ಟಿನಲ್ಲಿ ಇರುವಾಗಲೇ ಹೋಗಿ ನೋಡಿ. ಎರಡೂ ಒಟ್ಟಿಗೆ ಮಾಡಿ ಕೊಡುತ್ತೇವೆ ಅಂದರೆ ಬೇಡ ಅನ್ನಿ. ತುಕ್ಕಿನ ಮೇಲೆ ಕೋಟಿಂಗ್ ಹೊಡೆದರೆ ತುಕ್ಕು ನಿಲ್ಲುವುದಿಲ್ಲ, ಕಾಣುವುದಿಲ್ಲ ಅಷ್ಟೇ. ಪೈಪ್ ಉದ್ದಕ್ಕೂ ಕೈ ಆಡಿಸಿ, ನಡುವೆ ಕಂಪನಿ ಜಾಯಿಂಟ್ ಬಿಟ್ಟು ಬೇರೆ ಹಿತ್ತಾಳೆ ನಟ್ ಸಿಕ್ಕರೆ ಅಲ್ಲೇ ನಿಲ್ಲಿಸಿ ಕೇಳಿ. ತೆಗೆದ ಹಳೇ ಪೈಪ್ ಕೈಗೆ ಬಾರದೆ ದುಡ್ಡು ಕೊಡಬೇಡಿ. ಫ್ರಿಡ್ಜ್, ಎಸಿಗೆ ಹಾಕುವ ಬರೀ ತಾಮ್ರದ ಪೈಪ್ ಹಾಕುತ್ತೇವೆ ಅಂದರೂ ಒಪ್ಪಬೇಡಿ, ಅದು ಅದುರಿ ಅದುರಿ ಸೀಳು ಬಿಡುತ್ತದೆ. ತಾಮ್ರ-ನಿಕಲ್ ಮಿಶ್ರಣದ ಬ್ರೇಕ್ ಪೈಪೇ ಬೇರೆ ಸಿಗುತ್ತದೆ, ಅದು ತುಕ್ಕು ಹಿಡಿಯುವುದಿಲ್ಲ. ನನಗೆ ಮೇಸ್ತ್ರಿ ಹಾಕಿ ಕೊಟ್ಟದ್ದು ಅದನ್ನೇ. ತುದಿ ಫ್ಲೇರ್ ಮಾಡುವಾಗ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗೆ ಸಿಕ್ಕಿಕೊಂಡ ಏರ್ ತೆಗೆದು, ಬ್ರೇಕ್ ಆಯಿಲ್ ಪೂರ್ತಿ ಹೊಸದು ತುಂಬಿಸಿದರು. ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕಂತೆ, ನೀರಿನ ಪಸೆ ಹೀರಿಕೊಳ್ಳುತ್ತದಂತೆ. ಆ ಇನ್ನೊಬ್ಬರು 600 ರೂಪಾಯಿಗೆ ಯಾವ ಆಯಿಲ್ ಬದಲಿಸಿದರೋ ದೇವರೇ ಬಲ್ಲ. ಟ್ಯಾಂಕಿನಲ್ಲಿ ಇದ್ದದ್ದು ಕಷಾಯದ ಬಣ್ಣದ್ದು.

ನಾನು 1915ಕ್ಕೆ, ಅಂದರೆ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಟ್ಟೆ. ಭಾವ ನೋಟಿಸ್ ಕಳಿಸಿದ್ದಾರೆ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದು ಅಂತ ಇದೆ. 5 ಲಕ್ಷದ ಒಳಗಿನ ವಿಷಯಕ್ಕೆ ಅಲ್ಲಿ ಫೀಸ್ ಇಲ್ಲ, ಎರಡು ವರ್ಷದ ಒಳಗೆ ಹಾಕಬೇಕು ಅಷ್ಟೇ. 13,000ಕ್ಕೆ ಯಾಕೆ ಇಷ್ಟೆಲ್ಲ ಎಂದು ಮನೆಯಲ್ಲಿ ಕೇಳುತ್ತಾರೆ. ಫುಲ್ ಸೆಟ್ ಅಂದರೆ ಫುಲ್ ಚೆಕ್ ಅಂತ ಹೇಳಿದ್ದಕ್ಕೆ.

ನೋಟಿಸ್ ಮುಟ್ಟಿದ ಮೇಲೆ ಅವರ ಧಾಟಿ ಬದಲಾಗಿದೆ. ಮೊನ್ನೆ ಮೆಸೇಜ್ ಹಾಕಿದ್ದಾರೆ: "ಸರ್, ಆ ಹಳೇ ಪೈಪ್ ನಿಮ್ಮ ಹತ್ತಿರ ಉಂಟಲ್ಲ, ಒಮ್ಮೆ ತಂದು ಕೊಡಿ, ಏನಾಗಿದೆ ನೋಡಿ ಪೇಮೆಂಟ್ ಬಗ್ಗೆ ಮಾತಾಡುವ." ಕೊಡುವುದಿಲ್ಲ. ಗುಜರಿಯವನು ತಗೊಂಡು ಹೋದ ಎಂದು ಉತ್ತರ ಹಾಕಿದ್ದೇನೆ.