ಅಥೆನ್ಸ್‌ನ ಅಕ್ರೊಪೊಲಿಸ್ ಲಿಫ್ಟ್: ಯಾವಾಗಲೂ ಗುಡ್ಡದ ಕೆಳಗೇ ಕೂರುತ್ತಿದ್ದವಳ ವಿಮರ್ಶೆ

ಬಳ್ಳಾರಿ ಗುಡ್ಡದ ಕೋಟೆಗೆ ನಮ್ಮ ಶಾಲೆಯ ಮಕ್ಕಳನ್ನು 18 ಸಲ ಕರೆದುಕೊಂಡು ಹೋಗಿದ್ದೇನೆ. ಒಂದು ಸಲವೂ ಮೇಲೆ ಹತ್ತಿಲ್ಲ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂತು. ಮೊದಲು ಕಾಲಿಗೆ ಆಸರೆಯ ಕ್ಯಾಲಿಪರ್, ಈಗ 12 ವರ್ಷದಿಂದ ವೀಲ್‌ಚೇರ್. ಮಕ್ಕಳು ಮೇಲೆ ಹೋಗುತ್ತಾರೆ, ನಾನು ಕೆಳಗೆ ಅವರ ಚೀಲ, ನೀರಿನ ಬಾಟಲಿ ಕಾಯುತ್ತಾ ಕೂರುತ್ತೇನೆ. ಇಳಿದು ಬಂದವರು "ಮಿಸ್, ಮ್ಯಾಲೆ ಬಂಡಿ ಸಂದ್ಯಾಗ ದೊಣಿ ಐತ್ರಿ, ನೀರು ಐತ್ರಿ" ಎಂದು ಬಂಡೆಯ ನಡುವೆ ನೀರು ನಿಂತ ದೊಣೆಯ ಫೋಟೊ ತೋರಿಸುತ್ತಾರೆ. ಕೋಟೆ ಕಟ್ಟಿಸಿದ ಹನುಮಪ್ಪ ನಾಯಕ, ಆಮೇಲೆ ಅದನ್ನು ಗೆದ್ದ ಹೈದರಾಲಿ, ಅವನ ಫ್ರೆಂಚ್ ಎಂಜಿನಿಯರ್ ಕಥೆ, ಎಲ್ಲ ಹೇಳಿಕೊಡುವುದು ನಾನು. ಗುಡ್ಡ ನೋಡಿದವರು ಅವರು.

ಹಾಗಾಗಿ ಜರ್ಮನಿಯಲ್ಲಿರುವ ಅಣ್ಣನ ಮಗಳು "ಅತ್ತೀ, ದಸರಾ ರಜಕ್ಕ ಅಥೆನ್ಸ್‌ಗೆ ಬಾ, ಅಲ್ಲಿ ಗುಡ್ಡಕ್ಕ ಲಿಫ್ಟ್ ಐತಿ" ಅಂದಾಗ ನನಗೆ ನಂಬಿಕೆಯೇ ಬರಲಿಲ್ಲ. ಎಂಟನೇ ತರಗತಿಗೆ ಗ್ರೀಕರ ಪಾಠ ಮಾಡುವಾಗ ಅಕ್ರೊಪೊಲಿಸ್ ಗುಡ್ಡದ ಮೇಲಿನ ಪಾರ್ಥೆನಾನ್ ಗುಡಿಯ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬಿಡಿಸಿದ್ದೇನೋ. ಅಲ್ಲಿಗೆ ನಾನು ಹೋಗಬಹುದು ಅಂತ ಯೋಚನೆ ಕೂಡ ಮಾಡಿರಲಿಲ್ಲ.

ಲಿಫ್ಟ್ ಇರುವುದು ಗುಡ್ಡದ ಉತ್ತರದ ಮಗ್ಗುಲಲ್ಲಿ. 2004ರ ಪ್ಯಾರಾಲಿಂಪಿಕ್ಸ್ ಹೊತ್ತಿಗೆ ಒಂದು ಹಾಕಿದ್ದರು. ಅದು ಹಳೆಯದಾದ ಮೇಲೆ 2020ರ ಡಿಸೆಂಬರ್‌ನಲ್ಲಿ ಹೊಸದು ಶುರುವಾಯಿತು. ಎಲ್ಲರೂ ಹತ್ತುವ ಮೆಟ್ಟಿಲ ದಾರಿ ಬಿಟ್ಟು ನಮ್ಮನ್ನು ಬೇರೆ ದಾರಿಯಲ್ಲಿ ಕರೆದುಕೊಂಡು ಹೋದರು. ಲಿಫ್ಟ್ ಓಡಿಸಲು ಒಬ್ಬರು ಇದ್ದರು. ಒಳಗೆ ನಾನು, ನನ್ನ ಕುರ್ಚಿ, ಸೊಸೆ ಮೂವರೂ ಆರಾಮಾಗಿ ಹಿಡಿಸಿದೆವು. ಬಂಡೆ ಪಕ್ಕದಲ್ಲೇ ಕೆಳಗೆ ಸರಿಯುತ್ತಾ ಹೋಯಿತು. ಯಾರೂ ನನ್ನನ್ನು ಎತ್ತಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಗುಡಿಗೋ ಕೋಟೆಗೋ ಹೋದರೆ ನಾಲ್ಕು ಜನ ಗಂಡಸರು ಬಂದು ಕುರ್ಚಿ ಸಮೇತ ಎತ್ತುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ಸೀರೆ ಸರಿ ಮಾಡಿಕೊಳ್ಳುತ್ತಾ, ಬೀಳುತ್ತೇನೇನೋ ಅಂತ ಹೆದರುತ್ತಾ ಹೋದವಳಿಗೆ ಗುಡಿ ಕಣ್ಣಿಗೆ ಕಾಣುವುದಿಲ್ಲ.

ಮೇಲೆ ಬಂದರೆ ಕಾಂಕ್ರೀಟ್ ದಾರಿ. ಇದನ್ನೂ 2020ರಲ್ಲೇ ಹಾಕಿದ್ದು. ಈ ದಾರಿಯ ಬಗ್ಗೆ ದೊಡ್ಡ ಜಗಳವೇ ಆಗಿದೆ. ಹಳೆಯ ಬಂಡೆಯ ಮೇಲೆ ಕಾಂಕ್ರೀಟ್ ಸುರಿದರೆ ಗುಡ್ಡದ ರೂಪವೇ ಕೆಡುತ್ತದೆ ಎಂದು ಎಷ್ಟೋ ಪುರಾತತ್ವ ತಜ್ಞರು ವಿರೋಧಿಸಿದರು. ಇತಿಹಾಸ ಕಲಿಸುವವಳಾಗಿ ಅವರ ಸಂಕಟ ನನಗೆ ಅರ್ಥವಾಗುತ್ತದೆ. ದಾರಿ ಬೂದು ಬಣ್ಣ, ಅಗಲ ಜಾಸ್ತಿ, ಕಣ್ಣಿಗೆ ಹೊಡೆಯುತ್ತದೆ. ಆದರೆ ದಾರಿಯ ಆಚೆ ಕಾಲಿಡುವ ಕಲ್ಲು ನೋಡಿ. ಲಕ್ಷಾಂತರ ಜನ ನಡೆದು ಗಾಜಿನಂತೆ ನುಣುಪಾಗಿದೆ, ಮೇಲೆ ಕೆಳಗೆ ಬೇರೆ. ಕೋಲು ಹಿಡಿದ ಅಜ್ಜಿಯರು, ಮಗುವಿನ ಗಾಡಿ ತಳ್ಳುವವರು, ಎಲ್ಲರೂ ಆ ದಾರಿಯಲ್ಲೇ ಇದ್ದರು. ಇನ್ನೊಂದು ವಿಷಯ. ಅದೇ ಗ್ರೀಸ್‌ನ ಎಪಿಡಾರಸ್‌ನಲ್ಲಿ ವೈದ್ಯದೇವರು ಅಸ್ಕ್ಲಿಪಿಯಸ್‌ನ ಗುಡಿಗೆ ಕ್ರಿ.ಪೂ. 4ನೇ ಶತಮಾನದಲ್ಲೇ ಕಲ್ಲಿನ ಇಳಿಜಾರು ಕಟ್ಟಿದ್ದರು. ಕಾಯಿಲೆಯವರು, ಕಾಲಿಲ್ಲದವರು ಬರುವ ಜಾಗ ಅದು. ಇಳಿಜಾರು ಎಂದರೆ ಹೊಸ ಕಾಲದವರು ತಂದು ಅಂಟಿಸಿದ್ದಲ್ಲ.

ಪಾರ್ಥೆನಾನ್ ಎದುರು ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಕ್ರಿ.ಪೂ. 447ರಲ್ಲಿ ಕೆಲಸ ಶುರು, ಮುಂದೆ 8 ಕಂಬ, ಉದ್ದಕ್ಕೆ 17 ಕಂಬ, ಬಾಯಿಪಾಠ ನನಗೆ. ಉತ್ತರದ ಸಾಲನ್ನು ಬೆರಳು ಮಾಡಿ ಎಣಿಸಿದೆ. 1687ರಲ್ಲಿ ವೆನಿಸ್‌ನವರ ಗುಂಡು ಇದರೊಳಗೆ ಇಟ್ಟಿದ್ದ ತುರ್ಕರ ಸಿಡಿಮದ್ದಿನ ದಾಸ್ತಾನಿಗೆ ಬಿದ್ದು ಸಿಡಿದಾಗ ಉರುಳಿದ ಕಂಬಗಳನ್ನು 20ನೇ ಶತಮಾನದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಹೊಸ ಕಲ್ಲು ಯಾವುದು, ಹಳೆಯದು ಯಾವುದು ಎಂದು ಹತ್ತಿರ ಹೋದರೆ ಬಣ್ಣದಲ್ಲೇ ಗೊತ್ತಾಗುತ್ತದೆ. ಪುಸ್ತಕದ ಚಿತ್ರದಲ್ಲಿ ಇದು ಕಾಣುವುದಿಲ್ಲ.

ಲಿಫ್ಟ್‌ಗೆ ಹತ್ತಕ್ಕೆ ಒಂಬತ್ತು ಅಂಕ ಕೊಡುತ್ತೇನೆ. ಒಂದು ಕಡಿಮೆ ಯಾಕೆಂದರೆ ಗಾಳಿ ಜೋರಿದ್ದ ದಿನ ಅದನ್ನು ಓಡಿಸುವುದಿಲ್ಲ. ಬೆಳಿಗ್ಗೆಯೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಅಷ್ಟು ದೂರ ಹೋಗುವವರು ಅಥೆನ್ಸ್‌ನಲ್ಲಿ ಒಂದೇ ದಿನ ಇಟ್ಟುಕೊಳ್ಳಬೇಡಿ, ಮೂರು ದಿನವಾದರೂ ಇರಲಿ.

ಕೆಳಗಿನ ಅಕ್ರೊಪೊಲಿಸ್ ಮ್ಯೂಸಿಯಂ 2009ರಲ್ಲಿ ತೆರೆದದ್ದು. ಅಲ್ಲಿ ನನಗೆ ಒಂದು ಕಡೆಯೂ ಅಡ್ಡಿ ಸಿಗಲಿಲ್ಲ. ಗಾಜಿನ ನೆಲದ ಮೇಲೆ ಕುರ್ಚಿ ಉರುಳಿಸಿಕೊಂಡು ಹೋದರೆ ಕೆಳಗೆ ಅಗೆದು ತೆಗೆದ ಹಳೆಯ ಮನೆಗಳು ಕಾಣುತ್ತವೆ. ಎರೆಕ್ಥಿಯಾನ್ ಗುಡಿಯ ಕಂಬಗಳಾಗಿ ನಿಂತಿದ್ದ ಹೆಂಗಸರ ಆರು ಮೂರ್ತಿಗಳಲ್ಲಿ ಐದು ಇಲ್ಲಿವೆ, ಒಂದು ಲಂಡನ್ನಿನಲ್ಲಿದೆ. ಗುಡ್ಡದ ಮೇಲಿರುವುದು ನಕಲು. ಇಲ್ಲಿ ಹಿಂದಿನಿಂದಲೂ ನೋಡಬಹುದು, ಜಡೆ ಎಷ್ಟು ಚಂದ ಹೆಣೆದಿದ್ದಾರೆ! ಹೆಣ್ಣುಮಕ್ಕಳಿಗೆ ಒಂದು ಮಾತು: ಗುಡ್ಡಕ್ಕೆ ಹೊರಡುವ ಮೊದಲು ಮ್ಯೂಸಿಯಂನ ದೊಡ್ಡ ಶೌಚಾಲಯಕ್ಕೆ ಹೋಗಿಬನ್ನಿ. ನಾವು ಪ್ರವಾಸದಲ್ಲಿ ನೀರು ಕುಡಿಯದೆ ಇರುವುದು ಯಾಕೆ ಅಂತ ನಮಗೇ ಗೊತ್ತು, ಅಲ್ವಾ?

ಮೆಟ್ರೊ ಚೆನ್ನಾಗಿದೆ. ವಿಮಾನ ನಿಲ್ದಾಣದಿಂದ ಮೂರನೇ ಲೈನ್, ಸಿಂಟಾಗ್ಮದಲ್ಲಿ ಬದಲಿಸಿ ಎರಡನೇ ಲೈನ್, ಅಕ್ರೊಪೊಲಿ ಸ್ಟೇಷನ್. ಇಳಿದಲ್ಲೆಲ್ಲ ಲಿಫ್ಟ್ ಸಿಕ್ಕಿತು. ಸ್ಟೇಷನ್ ಪಕ್ಕದ ಡಿಯೊನಿಸಿಯು ಅರೆಯೊಪಗಿಟು ಬೀದಿಯಲ್ಲಿ ಗಾಡಿ ಓಡುವುದಿಲ್ಲ. ಸಂಜೆ ಅಲ್ಲಿ ನಾನೇ ಕೈಯಿಂದ ಗಾಲಿ ತಳ್ಳಿಕೊಂಡು ಹೋದೆ. ಸೊಸೆ ಪಕ್ಕದಲ್ಲಿ ಬಂದಳು, ಹಿಂದೆ ಅಲ್ಲ. ಮಾತಾಡುತ್ತಾ ಹೋಗಲು ಅದೇ ಸರಿ.

ಗುಡ್ಡದ ಬುಡದ ಹಳೆಯ ಪ್ಲಾಕಾ ಬಡಾವಣೆಯ ಓಣಿಗಳಿಗೆ ಮಾತ್ರ ಹತ್ತಕ್ಕೆ ನಾಲ್ಕು. ಉಬ್ಬುತಗ್ಗಿನ ಕಲ್ಲು ಹಾಸು. ಮುಂದಿನ ಪುಟ್ಟ ಗಾಲಿ ಸಂದಿಗೆ ಸಿಕ್ಕಿ ಎರಡು ಸಲ ಮುಗ್ಗರಿಸಿದೆ. ಆಮೇಲೆ ಸೊಸೆ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ದೊಡ್ಡ ಗಾಲಿಯ ಮೇಲೆ ಒಯ್ದಳು. ಫುಟ್‌ಪಾತ್ ಮಧ್ಯೆ ಕಿತ್ತಳೆ ಮರ, ಇಳಿಜಾರಿಗೆ ಅಡ್ಡ ಸ್ಕೂಟರ್. ನಮ್ಮ ಊರೇ ನೆನಪಾಯಿತು. ಹೊರಡುವ ಮೊದಲು ಬಳ್ಳಾರಿಯ ಕೌಲ್ ಬಜಾರಿನ ಸೈಕಲ್ ಅಂಗಡಿಯಲ್ಲಿ ಹಿಂದಿನ ಎರಡೂ ಟ್ಯೂಬ್ ಬದಲಿಸಿ, ಪಂಪು, ಪ್ಯಾಚು, ಸ್ಪ್ಯಾನರ್ ಕಟ್ಟಿಸಿಕೊಂಡಿದ್ದೆ. ಒಂದು ಪಂಕ್ಚರ್ ಆಯಿತು, ಉಪಯೋಗಕ್ಕೆ ಬಂತು.

ಇಳಿದುಕೊಂಡ ಕಡೆ ಮೋಸ ಹೋದೆವು. ವೀಲ್‌ಚೇರ್‌ಗೆ ಅನುಕೂಲ ಅಂತ ಬರೆದಿದ್ದರು. ಬಾತ್‌ರೂಮ್ ಬಾಗಿಲು 58 ಸೆಂ.ಮೀ., ನನ್ನ ಕುರ್ಚಿ 63. ಮೊದಲ ದಿನ ರಾತ್ರಿ ನಾನು ಅತ್ತುಬಿಟ್ಟೆ. ಮರುದಿನ ಬೇರೆ ಕಡೆ ಹೋದೆವು, ದುಡ್ಡು ವಾಪಸ್ ಬರಲಿಲ್ಲ. ನೀವು ರೂಮ್ ಹಿಡಿಯುವ ಮೊದಲು ಬಾಗಿಲಿಗೆ ಟೇಪ್ ಹಿಡಿದ ಫೋಟೊ ಕಳಿಸಿ ಅಂತ ಕೇಳಿ. ಮಾತಿನಲ್ಲಿ ಹೇಳಿದ್ದನ್ನು ನಂಬಬೇಡಿ.

ಊಟಕ್ಕೆ ತೊಂದರೆ ಇಲ್ಲ. ಹಳದಿ ಬೇಳೆಯ ಫಾವಾ ನಮ್ಮ ಗಟ್ಟಿ ತೊವ್ವೆಯ ಹಾಗೇ ಇರುತ್ತದೆ, ಒಗ್ಗರಣೆ ಒಂದಿಲ್ಲ.

ರಜೆ ಮುಗಿದು ಶಾಲೆಗೆ ಬಂದ ದಿನ ಪಾಠ ಬಿಟ್ಟು ಇದನ್ನೇ ಹೇಳಿದೆ. ಎಂಟನೇ ತರಗತಿಯ ಒಬ್ಬ ಹುಡುಗ ಮೊದಲು ಕೇಳಿದ್ದು ಇದು: "ಮಿಸ್, ಆ ಗುಡ್ಡದ ಮ್ಯಾಲೆ ದೊಣಿ ಐತೇನ್ರಿ?"

ಸಮುದ್ರದ ದೇವರು ಪೊಸೈಡನ್ ತ್ರಿಶೂಲದಿಂದ ಬಂಡೆಗೆ ಹೊಡೆದಾಗ ಉಪ್ಪು ನೀರು ಚಿಮ್ಮಿತು ಅಂತ ಅವರ ಕಥೆ, ಆ ಜಾಗ ಎರೆಕ್ಥಿಯಾನ್ ಗುಡಿಯಲ್ಲಿದೆ, ಅದರ ಉತ್ತರದ ಮಂಟಪ ಹೀಗಿದೆ ಎಂದು ಬೋರ್ಡಿನ ಮೇಲೆ ಬಿಡಿಸಿದೆ.

"ನೀವು ನೋಡೀರೇನ್ರಿ?"

"ಹೂಂ, ಮ್ಯಾಲೆ ಹೋಗಿ ನೋಡೀನಿ" ಅಂದೆ.