ಸೊಂಟ ನೋವಿಗೆ ಯಾರ ಹತ್ತಿರ ಹೋಗುವುದು? ಥೆರಪಿಸ್ಟ್, ಕೈರೋಪ್ರಾಕ್ಟರ್, ಡಿ.ಒ. ಡಾಕ್ಟರ್: ಮೂವರನ್ನೂ ನೋಡಿದ ಮೇಲೆ

ಅಮೆರಿಕದಲ್ಲಿ ಸೊಂಟ ಹಿಡಿದುಕೊಂಡರೆ ಕೈಯಿಂದ ಮುಟ್ಟಿ ನೋಡಿ ಚಿಕಿತ್ಸೆ ಕೊಡುವವರು ಮುಖ್ಯವಾಗಿ ಮೂರು ಥರ ಸಿಗುತ್ತಾರೆ. ಫಿಸಿಕಲ್ ಥೆರಪಿಸ್ಟ್ (ಊರಲ್ಲಿ ಫಿಸಿಯೋಥೆರಪಿಸ್ಟ್ ಅಂತೀವಲ್ಲ, ಅವರೇ), ಬೆನ್ನುಮೂಳೆಯನ್ನು ಒತ್ತಿ, ತಿರುಗಿಸಿ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟರ್, ಮತ್ತೆ ಹೆಸರಿನ ಕೊನೆಯಲ್ಲಿ ಇಲ್ಲಿನ ಮಾಮೂಲಿ ಡಾಕ್ಟರ್ ಪದವಿ ಎಂ.ಡಿ. ಬದಲು ಡಿ.ಒ. ಅಂತ ಬರೆದುಕೊಳ್ಳುವ ಆಸ್ಟಿಯೋಪಥಿಕ್ ಡಾಕ್ಟರ್. ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಊರಿನಲ್ಲಿ. ದಿನವಿಡೀ ಕೂತು ಮಾಡುವ ಕೆಲಸ, ಚಳಿಗಾಲ ಬಂದರೆ ಮನೆ ಮುಂದಿನ ಹಿಮ ಎತ್ತುವ ಕೆಲಸ. ಸೊಂಟದ ಬಲಗಡೆ ಕೆಳಗೆ ಶುರುವಾದ ನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಹಾಗಾಗಿ ಮೂವರ ಹತ್ತಿರವೂ ಹೋಗಿದ್ದೇನೆ. ನಮ್ಮ ಕನ್ನಡದವರಲ್ಲಿ ಡಿ.ಒ. ಬಗ್ಗೆ ಗೊತ್ತಿರುವವರು ಕಡಿಮೆ. ಅದಕ್ಕೇ ಅವರ ಬಗ್ಗೆ ಜಾಸ್ತಿ ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ಫಿಸಿಕಲ್ ಥೆರಪಿಗೆ. ಮಿಶಿಗನ್‌ನಲ್ಲಿ ಡಾಕ್ಟರ್ ಚೀಟಿ ಇಲ್ಲದೆಯೂ 21 ದಿನ ಅಥವಾ 10 ಸಲ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿವರೆಗೆ ಥೆರಪಿ ತೆಗೆದುಕೊಳ್ಳಬಹುದು. 2015ರಿಂದ ಈ ಕಾನೂನಿದೆ. ಆದರೆ ಇನ್ಶೂರೆನ್ಸ್‌ನವರು ಚೀಟಿ ಕೇಳಬಹುದು, ವಿಚಾರಿಸಿಕೊಂಡೇ ಹೋಗಿ. ಇಲ್ಲಿ ಕೈ ಕೆಲಸ ಸ್ವಲ್ಪ, ವ್ಯಾಯಾಮವೇ ಮುಖ್ಯ. ಮಲಗಿ ಸೊಂಟ ಎತ್ತುವುದು, ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ನಿಲ್ಲುವುದು, ಇಂಥವು. ಫಲ ನಿಧಾನಕ್ಕೆ ಸಿಗುತ್ತದೆ, ಆದರೆ ಸಿಕ್ಕಿದ್ದು ಉಳಿಯುತ್ತದೆ. ನನಗೆ ಕೊರತೆ ಅನಿಸಿದ್ದು ಒಂದೇ. ಥೆರಪಿಸ್ಟ್ ಒಂದೇ ಹೊತ್ತಿಗೆ ಇಬ್ಬರು ಮೂವರನ್ನು ನೋಡುತ್ತಿದ್ದರು. ನೋವು ಎಲ್ಲಿಂದ ಬರುತ್ತಿದೆ ಎಂದು ಕೂತು ಹುಡುಕುವಷ್ಟು ಸಮಯ ಯಾರಿಗೂ ಇರಲಿಲ್ಲ.

ಕೈರೋಪ್ರಾಕ್ಟರ್ ಹತ್ತಿರ ಹೋದಾಗ ಆದದ್ದೇ ಬೇರೆ. ಲಟಕ್ ಅಂತ ಒಂದು ಸಲ ತಿರುಗಿಸಿದರು, ಸಂಜೆಯ ಹೊತ್ತಿಗೆ ಹಗುರ. ಎರಡು ದಿನಕ್ಕೆ ನೋವು ವಾಪಸ್. ಮೊದಲ ದಿನವೇ ಎಕ್ಸ್‌ರೇ ತೆಗೆಸಿ, ತಿಂಗಳುಗಟ್ಟಲೆ ಬರಬೇಕು ಅಂತ ಪ್ಯಾಕೇಜಿನ ಹಾಳೆ ಮುಂದಿಟ್ಟರು. ಎಲ್ಲರೂ ಹೀಗಲ್ಲ. ವ್ಯಾಯಾಮ ಹೇಳಿಕೊಟ್ಟು, ಸಾಕು ಅಂದಾಗ ಬಿಡುವ ಒಳ್ಳೆಯವರೂ ಇದ್ದಾರೆ. ಆದರೂ ಇವರು ಮೆಡಿಕಲ್ ಓದಿದ ಡಾಕ್ಟರ್ ಅಲ್ಲ, ಮಾತ್ರೆ ಬರೆಯುವಂತಿಲ್ಲ. ಕುತ್ತಿಗೆಯನ್ನು ಜೋರಾಗಿ ತಿರುಗಿಸಿದರೆ ರಕ್ತನಾಳಕ್ಕೆ ಪೆಟ್ಟಾಗುವ ಅಪಾಯ ಅಪರೂಪಕ್ಕೆ ಇದ್ದೇ ಇದೆ. ಹಾಗಾಗಿ ಕುತ್ತಿಗೆ ಮುಟ್ಟಬೇಡಿ ಎಂದು ನಾನು ಮೊದಲೇ ಹೇಳಿದ್ದೆ.

ಈಗ ಡಿ.ಒ. ವಿಷಯ. ಆಂಡ್ರೂ ಟೇಲರ್ ಸ್ಟಿಲ್ ಎಂಬ ಡಾಕ್ಟರ್ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ತೆರೆದ ಶಾಲೆಯಿಂದ ಈ ಪದ್ಧತಿಯ ಓದು ಶುರುವಾಯಿತು. ಇವತ್ತು ಡಿ.ಒ. ಅಂದರೆ ಐವತ್ತೂ ರಾಜ್ಯಗಳಲ್ಲಿ ಪೂರ್ತಿ ಡಾಕ್ಟರ್. ಮಾತ್ರೆ ಬರೆಯುತ್ತಾರೆ, ಎಂ.ಆರ್.ಐ.ಗೆ ಕಳಿಸುತ್ತಾರೆ, ಸರ್ಜರಿ ಕಲಿತವರು ಸರ್ಜರಿ ಮಾಡುತ್ತಾರೆ. ಇದರ ಜೊತೆಗೆ ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದ ಪರೀಕ್ಷಿಸಿ ಸರಿಪಡಿಸುವ ತರಬೇತಿ ಸುಮಾರು 200 ಗಂಟೆ ಇರುತ್ತದೆ. ಈ ಕೈ ಚಿಕಿತ್ಸೆಗೆ ಒ.ಎಂ.ಟಿ. ಅಂತ ಹೆಸರು. ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲೇ ಡಿ.ಒ. ಕಾಲೇಜು ಇರುವುದರಿಂದ ನಮ್ಮ ಕಡೆ ಇವರಿಗೆ ಬರವಿಲ್ಲ.

ಬರ ಇರುವುದು ಕೈ ಕೆಲಸ ಮಾಡುವ ಡಿ.ಒ.ಗಳಿಗೆ. ಕಲಿತವರಲ್ಲಿ ಹೆಚ್ಚಿನವರು ಕ್ಲಿನಿಕ್ಕಿನಲ್ಲಿ ಅದನ್ನು ಬಳಸುವುದೇ ಇಲ್ಲ. ನಮ್ಮ ಫ್ಯಾಮಿಲಿ ಡಾಕ್ಟರೇ ಡಿ.ಒ. ಕೇಳಿದಾಗ, "ರೆಸಿಡೆನ್ಸಿ (ಓದಿನ ನಂತರದ ಆಸ್ಪತ್ರೆ ತರಬೇತಿ) ಮುಗಿದ ಮೇಲೆ ಮಾಡಿಲ್ಲ, ಅಭ್ಯಾಸ ತಪ್ಪಿದೆ, ದಿನಾ ಮಾಡುವವರ ಹತ್ತಿರ ಹೋಗಿ" ಅಂದರು. ಆ ಪ್ರಾಮಾಣಿಕತೆ ನನಗೆ ತುಂಬಾ ಹಿಡಿಸಿತು.

ದಿನಾ ಮಾಡುವವರನ್ನು ಹುಡುಕಲು ಎರಡು ದಾರಿ. ಇದರಲ್ಲೇ ಪರಿಣತಿ ಪಡೆದವರಿಗೆ ಒ.ಎನ್.ಎಂ.ಎಂ. ಎಂಬ ಬೋರ್ಡ್ ಸರ್ಟಿಫಿಕೇಟ್ ಇರುತ್ತದೆ. ಅಮೆರಿಕನ್ ಅಕಾಡೆಮಿ ಆಫ್ ಆಸ್ಟಿಯೋಪಥಿಯ ವೆಬ್‌ಸೈಟಿನಲ್ಲಿ ಡಾಕ್ಟರ್‌ಗಳ ಪಟ್ಟಿ ಇದೆ, ಅಲ್ಲಿ ನೋಡಬಹುದು. ಇನ್ನೊಂದು, ಡಿ.ಒ. ಕಾಲೇಜುಗಳು ನಡೆಸುವ ಕ್ಲಿನಿಕ್. ಅಲ್ಲಿ ಕಲಿಯುವವರೂ ಜೊತೆಗಿರುತ್ತಾರೆ, ಸಮಯ ಹಿಡಿಯುತ್ತದೆ, ಆದರೆ ನಿಧಾನವಾಗಿ ಪರೀಕ್ಷೆ ಮಾಡುತ್ತಾರೆ. ಎಲ್ಲಿಗಾದರೂ ಸರಿ, ಅಪಾಯಿಂಟ್‌ಮೆಂಟ್ ಮಾಡುವಾಗಲೇ ಫೋನಿನಲ್ಲಿ ಕೇಳಿ: ಡಾಕ್ಟರ್ ಒ.ಎಂ.ಟಿ. ಎಷ್ಟು ಜನಕ್ಕೆ ಮಾಡುತ್ತಾರೆ? ಒಬ್ಬರಿಗೆ ಎಷ್ಟು ಹೊತ್ತು? ಇನ್ಶೂರೆನ್ಸ್ ತೆಗೆದುಕೊಳ್ಳುತ್ತಾರಾ, ಬರೀ ನಗದಾ? 98925ರಿಂದ 98929ರವರೆಗಿನ ಕೋಡ್‌ಗಳಲ್ಲಿ ಬಿಲ್ ಆಗುತ್ತದೆ, ದೇಹದ ಎಷ್ಟು ಭಾಗಕ್ಕೆ ಚಿಕಿತ್ಸೆ ಕೊಟ್ಟರು ಎನ್ನುವುದರ ಮೇಲೆ. ಈ ನಂಬರ್ ಹೇಳಿದರೆ ಇನ್ಶೂರೆನ್ಸ್‌ನವರು ಸರಿಯಾಗಿ ಉತ್ತರ ಕೊಡುತ್ತಾರೆ.

ನನಗೆ ಸಿಕ್ಕ ಡಾಕ್ಟರ್ ಮೊದಲು ನಿಲ್ಲಿಸಿ ನೋಡಿದರು, ನಡೆಸಿ ನೋಡಿದರು. ಸೊಂಟದ ಹಿಂದಿನ ಎರಡು ಮೂಳೆಗಳ ಮೇಲೆ ಹೆಬ್ಬೆರಳಿಟ್ಟು ಬಗ್ಗಿ ಅಂದರು. ಆಮೇಲೆ ಕಾಲು ಹಿಡಿದು, "ನನ್ನ ಕೈಯನ್ನು ನಿಧಾನಕ್ಕೆ ತಳ್ಳಿ, ಈಗ ಬಿಡಿ" ಅಂತ ಕೆಲವು ಸಲ. ಪ್ರತಿ ಸಲ ಬಿಟ್ಟಾಗಲೂ ಕಾಲು ಇನ್ನಷ್ಟು ದೂರ ಹೋಗುತ್ತಿತ್ತು. ಒತ್ತಿದರೆ ನೋಯುವ ಒಂದು ಜಾಗ ಹುಡುಕಿ, ಅಲ್ಲಿ ನೋವು ಇಳಿಯುವ ಭಂಗಿಯಲ್ಲಿ 90 ಸೆಕೆಂಡ್ ಸುಮ್ನೆ ಹಿಡಿದುಕೊಂಡರು. ಲಟಕ್ ಪಟಕ್ ಏನೂ ಇಲ್ಲ. ಕೂತೂ ಕೂತೂ ತೊಡೆಯ ಮುಂಭಾಗದ ಒಳಗಿನ ಸ್ನಾಯು ಬಿಗಿದು ಸೊಂಟವನ್ನು ಎಳೆಯುತ್ತಿದೆ ಎಂದು ಹೇಳಿದವರು ಇವರೊಬ್ಬರೇ. ಎಂ.ಆರ್.ಐ. ಈಗ ಬೇಡ ಅಂದವರೂ ಇವರೇ. ಬೇಕಿದ್ದರೆ ಬರೆದುಕೊಡುವ ಅಧಿಕಾರ ಇರುವವರು ಬೇಡ ಅಂದಾಗ ಮನಸ್ಸಿಗೆ ನೆಮ್ಮದಿ ಅಲ್ವಾ? ಆಮೇಲೆ ಯಾವ ಸ್ನಾಯುವಿಗೆ ಏನು ಮಾಡಿಸಬೇಕು ಎಂದು ಬರೆದು ಥೆರಪಿಗೇ ವಾಪಸ್ ಕಳಿಸಿದರು. ನನಗೆ ಫಲ ಕೊಟ್ಟಿದ್ದು ಈ ಜೋಡಿ: ಡಿ.ಒ. ಕೈಯಲ್ಲಿ ಪತ್ತೆ, ಥೆರಪಿಯಲ್ಲಿ ವ್ಯಾಯಾಮ. ಒಂದನ್ನೇ ಆರಿಸು ಅಂದರೆ, ಹಣ ಕಡಿಮೆ ಇರುವವರಿಗೆ ಥೆರಪಿಯೇ ಅಂತೀನಿ.

ಅಧ್ಯಯನಗಳೂ ಡಿ.ಒ.ಗಳ ಕೈ ಚಿಕಿತ್ಸೆಯನ್ನು ಆಕಾಶಕ್ಕೆ ಏರಿಸುವುದಿಲ್ಲ. 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ ಕೈ ಚಿಕಿತ್ಸೆ ಪಡೆದವರೂ ಮಾಮೂಲಿ ಚಿಕಿತ್ಸೆ ಪಡೆದವರೂ ಹೆಚ್ಚುಕಡಿಮೆ ಒಂದೇ ಥರ ಸುಧಾರಿಸಿದರು. ಕೈ ಚಿಕಿತ್ಸೆಯವರಿಗೆ ಮಾತ್ರೆಯೂ ಫಿಸಿಕಲ್ ಥೆರಪಿಯೂ ಕಡಿಮೆ ಸಾಕಾಯಿತು, ಅಷ್ಟೇ ವ್ಯತ್ಯಾಸ. ನನ್ನ ಮಟ್ಟಿಗೆ ಅದು ಸಣ್ಣದಲ್ಲ. ಕೆಲವು ಡಿ.ಒ.ಗಳು ತಲೆಬುರುಡೆಯ ಮೇಲೆ ಮೆಲ್ಲಗೆ ಕೈಯಿಟ್ಟು ಮಾಡುವ ವಿಧಾನಕ್ಕೆ ಮಾತ್ರ ಗಟ್ಟಿ ಆಧಾರ ಕಾಣಲಿಲ್ಲ. ನಾನು ಬೇಡ ಅಂದೆ, ನನ್ನ ಡಾಕ್ಟರೂ ಒತ್ತಾಯ ಮಾಡಲಿಲ್ಲ.

ಬೆಂಗಳೂರಿಗೆ ಹೋದಾಗ ಆಸ್ಟಿಯೋಪಾತ್ ಅಂತ ಬೋರ್ಡ್ ನೋಡಿದರೆ ಅವರನ್ನು ಇಲ್ಲಿನ ಡಿ.ಒ. ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲೂ ಆಸ್ಟಿಯೋಪಾತ್‌ಗಳು ಮಾತ್ರೆ ಬರೆಯುವ ಡಾಕ್ಟರ್ ಅಲ್ಲ. ಏನು ಓದಿದ್ದಾರೆ ಎಂದು ಕೇಳಿಯೇ ಮುಟ್ಟಲು ಬಿಡಿ.

ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಮೂಳೆ ಸವೆತ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಿ. ಜೋರಾಗಿ ತಿರುಗಿಸುವುದು ಬೇಡ ಎಂದೂ ಹೇಳಿ. ಇನ್ನು ಕಾಲಿನ ಬಲ ಹೋಗುತ್ತಿದ್ದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಈ ಮೂವರಲ್ಲಿ ಯಾರಿಗೂ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.