ಲಿಲಿಪಾಂಡ್: ನೊಟ್ಟುಸ್ವರಗಳ ಪುಸ್ತಕ ಮಾಡೋಕೆ ಸೈ

ತೀರ್ಥಹಳ್ಳಿಯಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತೇನೆ. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು (ಪಾಶ್ಚಾತ್ಯ ಧಾಟಿಯ ಪುಟ್ಟ ಹಾಡುಗಳು) ಸ್ವರಲಿಪಿ ಬರೆಯುವ ತಂತ್ರಾಂಶ ಮ್ಯೂಸ್‌ಸ್ಕೋರ್‌ನಲ್ಲಿ ಬಿಡಿಬಿಡಿಯಾಗಿ ಬರೆದಿಟ್ಟಿದ್ದೆ. ಎಲ್ಲ ಸೇರಿಸಿ ಪುಸ್ತಕ ಮಾಡಲು ಲಿಲಿಪಾಂಡ್ ಹಿಡಿದೆ. ಟೈಪ್ ಮಾಡಿದ ಬರಹವನ್ನು ಸ್ವರಲಿಪಿಯ ಪುಟಗಳಾಗಿ ಮಾಡಿಕೊಡುವ ತಂತ್ರಾಂಶ ಇದು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಮ್ಯೂಸ್‌ಸ್ಕೋರ್‌ನಿಂದ ಮ್ಯೂಸಿಕ್‌ಎಕ್ಸ್‌ಎಂಎಲ್ ಫೈಲ್ (ಸ್ವರಲಿಪಿಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯುವ ಫೈಲ್) ತೆಗೆದು ಕೊಟ್ಟರೆ ಲಿಲಿಪಾಂಡ್ ಜೊತೆಗೇ ಬರುವ ಪರಿವರ್ತಕ ಅದನ್ನು ಲಿಲಿಪಾಂಡ್ ಬರಹಕ್ಕೆ ತಿರುಗಿಸುತ್ತದೆ. ಸ್ವಲ್ಪ ಒಪ್ಪ ಮಾಡಬೇಕಷ್ಟೆ.

ಆಮೇಲೆ ಒಂದು ಮುಖ್ಯ ಫೈಲ್. ಅದರಲ್ಲಿ ಹಾಡಿಗೊಂದು ‘ಇನ್‌ಕ್ಲೂಡ್’ ಸಾಲು, ಅಂದರೆ ಆ ಹಾಡಿನ ಫೈಲನ್ನು ಒಳಗೆ ಸೇರಿಸು ಅನ್ನೋ ಸಾಲು. ಕ್ರಮ ಬದಲಿಸಬೇಕಾ? ಸಾಲನ್ನು ಮೇಲೆ ಕೆಳಗೆ ಮಾಡಿದರೆ ಮುಗೀತು, ಪುಟಸಂಖ್ಯೆ ತಾನೇ ಸರಿಹೋಗುತ್ತದೆ. ಪರಿವಿಡಿಯೂ ಬರುತ್ತದೆ, ಹೆಸರು ಮಾತ್ರ ನಾವೇ ಕೊಡಬೇಕು. ಕನ್ನಡ ಶೀರ್ಷಿಕೆಯ ಒತ್ತಕ್ಷರ ಕೆಡಲಿಲ್ಲ, ನನಗೆ ಅದೇ ಜಾಸ್ತಿ ಖುಷಿ!

ಆದರೆ ಮೌಸ್‌ನಲ್ಲಿ ಸ್ವರ ಇಡೋ ಹಾಗಿಲ್ಲ, ಎಲ್ಲಾ ಟೈಪಿಂಗ್. ಒಂದು ಆವರಣ ಚಿಹ್ನೆ ಬಿಟ್ಟರೂ ತಕರಾರು. ನಾಲ್ಕೈದು ಹಾಡಿದ್ದರೆ ಸುಮ್ನೆ ಇದಕ್ಕೆ ಕೈ ಹಾಕಬೇಡಿ.